ಮನೆಯ ಹಾಲ್‌ನಲ್ಲಿ ಇಂಡೀ ಸಂಗೀತ ಸಂಜೆ: ತಯಾರಿಯಿಂದ ಬೀಳ್ಕೊಡುಗೆಯವರೆಗೆ

ಮನೆಯಲ್ಲೇ ಒಬ್ಬ ಇಂಡೀ ಹಾಡುಗಾರರನ್ನು, ಅಂದರೆ ಸಂಗೀತ ಕಂಪನಿಯ ಹಂಗಿಲ್ಲದೆ ತಮ್ಮದೇ ಹಾಡು ಕಟ್ಟಿ ಹಾಡುವವರನ್ನು, ಕೂರಿಸಿ, ಇಪ್ಪತ್ತು ಇಪ್ಪತ್ತೈದು ಜನ ಸುತ್ತ ಕೂತು ಕೇಳಬೇಕು ಅನ್ನುವ ಆಸೆ ಈಗ ಬಹಳ ಜನರಿಗಿದೆ. ಮಾಡಿ ನೋಡಿದವರು ಬಂದು ಹೇಳುವ ಕಷ್ಟಗಳು ಮಾತ್ರ ಹೆಚ್ಚುಕಡಿಮೆ ಒಂದೇ: ಮೈಕ್ ಕೀರಲಾಗಿ ಕೂಗಿಕೊಂಡಿತು, ಕೆಳಗಿನ ಮನೆಯವರು ಬಾಗಿಲು ಬಡಿದರು, ಅರ್ಧ ಜನ ಅಡುಗೆಮನೆಯಲ್ಲಿ ಹರಟೆ ಹೊಡೆಯುತ್ತ ನಿಂತರು, ಹಾಡಿದವರಿಗೆ ಎಷ್ಟು ಕೊಡಬೇಕು ಅನ್ನುವುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಇವೆಲ್ಲದರ ಬೇರು ಒಂದೇ ಕಡೆ ಇದೆ. ಮೊದಲು ಕಲಾವಿದರನ್ನು ಗೊತ್ತುಮಾಡುತ್ತಾರೆ, ಆಮೇಲೆ ಸ್ನೇಹಿತರನ್ನು ಕರೆಯುತ್ತಾರೆ, ಮನೆಯ ಕಡೆ ತಿರುಗಿ ನೋಡುವುದು ಹಿಂದಿನ ದಿನ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ಮನೆ, ನಂತರ ನೆರೆಹೊರೆ, ಆಮೇಲೆ ಕಲಾವಿದರು, ಕಟ್ಟಕಡೆಗೆ ಅತಿಥಿಗಳು. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಬರೆದಿದ್ದೇನೆ. ಮಧ್ಯದ್ದೊಂದನ್ನು ಹಾರಿಸಿ ಮುಂದೆ ಹೋಗಬೇಡಿ. ತಯಾರಿಗೆ ಮೂರರಿಂದ ನಾಲ್ಕು ವಾರ ಇಟ್ಟುಕೊಳ್ಳಿ.

ಹಂತ 1: ಮನೆಯವರ ಒಪ್ಪಿಗೆ, ಆಮೇಲೆ ತಾರೀಖು

ಮನೆಯಲ್ಲಿ ಇರುವವರೆಲ್ಲರ ಜೊತೆ ಕೂತು ಮಾತಾಡಿ. "ಭಾನುವಾರ ಸ್ವಲ್ಪ ಜನ ಬರ್ತಾರೆ" ಅಂದರೆ ಸಾಲದು. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತೂವರೆವರೆಗೆ ಹಾಲ್ ನಮ್ಮದಲ್ಲ, ಟಿ.ವಿ. ಇಲ್ಲ, ಕುಕ್ಕರ್ ಇಲ್ಲ, ಬಾತ್‌ರೂಮಿಗೆ ಹೊರಗಿನವರು ಬರುತ್ತಾರೆ ಎಂದು ಬಿಡಿಸಿ ಹೇಳಿ. ಅಜ್ಜಿ ತಾತ ಇದ್ದರೆ ಅವರು ಮಲಗುವ ಹೊತ್ತು, ಮಾತ್ರೆಯ ಹೊತ್ತು ಕೇಳಿಕೊಳ್ಳಿ. ಒಂದು ಕೋಣೆಯನ್ನು ಪೂರ್ತಿ ಮನೆಯವರಿಗೇ ಬಿಡಬೇಕು. ಆ ಬಾಗಿಲಿಗೆ ಯಾವ ಅತಿಥಿಯೂ ಕೈ ಹಾಕುವಂತಿಲ್ಲ. ಚಿಕ್ಕ ಮಗು ಇದ್ದರೆ ಅದನ್ನು ನೋಡಿಕೊಳ್ಳುವವರು ಆ ಸಂಜೆ ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ ಎಂದು ಲೆಕ್ಕ ಹಾಕಿ.

ತಾರೀಖು ಆರಿಸುವಾಗ ಪರೀಕ್ಷೆಯ ಕಾಲ ತಪ್ಪಿಸಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ನಿಮ್ಮ ಕಟ್ಟಡದಲ್ಲೋ ಬೀದಿಯಲ್ಲೋ ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು ಇದ್ದೇ ಇರುತ್ತಾರೆ. ಗಣೇಶನ ಹಬ್ಬದ ವಾರಗಳಲ್ಲಿ ಬೀದಿಯ ಪೆಂಡಾಲಿನ ಸದ್ದೇ ನಿಮ್ಮ ಹಾಲಿನೊಳಗೆ ತುಂಬಿರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಬಂದು ಕರೆಂಟ್ ಹೋಗುವುದು ಸಾಮಾನ್ಯ. ಟೆರೇಸ್ ಮೇಲೆ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ ಎಂದೇ ನನ್ನ ಸಲಹೆ. ತೆರೆದ ಜಾಗದಲ್ಲಿ ಸದ್ದು ಗಾಳಿಯ ಜೊತೆ ಎಲ್ಲೆಲ್ಲಿಗೋ ಹೋಗುತ್ತದೆ. ಎದುರಿಗೆ ಕೂತವರಿಗೆ ತೆಳ್ಳಗೆ ಕೇಳುತ್ತದೆ, ಮೂರನೇ ಮನೆಯವರಿಗೆ ನಿಚ್ಚಳವಾಗಿ ಕೇಳುತ್ತದೆ.

ಭಾನುವಾರ ಸಂಜೆ ಆರೂವರೆ ಒಳ್ಳೆಯ ಹೊತ್ತು. ಎಂಟು ಗಂಟೆಯ ಸುಮಾರಿಗೆ ಹಾಡು ಮುಗಿದರೆ ಮಾರನೇ ದಿನ ಆಫೀಸು, ಸ್ಕೂಲು ಇರುವ ಯಾರಿಗೂ ತೊಂದರೆಯಿಲ್ಲ.

ಹಂತ 2: ಹಾಲ್ ಏನು ಹೇಳುತ್ತದೆ, ಕೇಳಿ

ನಮ್ಮ ಈಗಿನ ಮನೆಗಳು ಸಂಗೀತಕ್ಕೆ ಒಗ್ಗುವುದು ಕಷ್ಟ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಒಂದು ಕಡೆ ದೊಡ್ಡ ಗಾಜಿನ ಬಾಗಿಲು. ಸದ್ದು ಯಾವುದರಲ್ಲೂ ಇಂಗುವುದಿಲ್ಲ, ಪುಟಿಯುತ್ತಲೇ ಇರುತ್ತದೆ. ಹಾಲ್ ಮಧ್ಯೆ ನಿಂತು ಒಂದೇ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. "ಟಪ್" ಎಂದು ಅಲ್ಲೇ ನಿಂತರೆ ಒಳ್ಳೆಯದು. "ಟಪ್‌ರ್‌ರ್" ಎಂದು ಲೋಹದ ಹಾಗೆ ನಡುಗುವ ಬಾಲ ಬಂದರೆ ಎದುರುಬದುರು ಇರುವ ಎರಡು ಬರಿ ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ಹಾಡಿನ ಸಾಹಿತ್ಯ ಕಲಸಿಹೋಗುವುದು ಇದರಿಂದಲೇ. ಇಂಡೀ ಹಾಡಿನಲ್ಲಿ ಜನ ಮೊದಲ ಸಲ ಕೇಳುತ್ತಿರುವ ಪದಗಳಿರುತ್ತವೆ. ಸಿನಿಮಾ ಹಾಡಿನ ಹಾಗೆ ಕೇಳುಗರು ತಾವೇ ತುಂಬಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಪದ ಸ್ಪಷ್ಟವಾಗಿ ಕೇಳಿಸದಿದ್ದರೆ ಮಿಕ್ಕ ತಯಾರಿ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪರಿಹಾರಕ್ಕೆ ಹಣ ಬೇಕಿಲ್ಲ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಗಾಜಿನ ಮೇಲೆ ದಪ್ಪ ಕರ್ಟನ್ ಎಳೆಯಿರಿ. ಇಲ್ಲದಿದ್ದರೆ ಹೊದಿಯುವ ರಗ್ಗು ಇಳಿಬಿಡಿ. ಕಲಾವಿದರ ಬೆನ್ನ ಹಿಂದಿನ ಗೋಡೆಗೆ ಒಂದು ಹತ್ತಿ ಹಾಸಿಗೆಯನ್ನು ನಿಲ್ಲಿಸಿ, ಮೇಲೆ ಒಳ್ಳೆಯ ಸೀರೆಯೋ ಬೆಡ್‌ಶೀಟೋ ಹೊದಿಸಿದರೆ ನೋಡಲೂ ಚೆಂದ. ಪುಸ್ತಕ ತುಂಬಿದ ಕಪಾಟನ್ನು ಸರಿಸಬೇಡಿ, ಏರುಪೇರಾಗಿ ಜೋಡಿಸಿದ ಪುಸ್ತಕ ಸದ್ದನ್ನು ಚದುರಿಸುತ್ತದೆ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಜನ ಬಂದು ಕೂತಾಗ ಇನ್ನಷ್ಟು ಹದವಾಗುತ್ತದೆ.

ಈಗ ಎರಡನೇ ಪರೀಕ್ಷೆ. ನೀವು ಆರಿಸಿಕೊಂಡ ವಾರದಂದೇ, ಅದೇ ಹೊತ್ತಿಗೆ, ಮನೆಯ ಎಲ್ಲ ಸದ್ದು ನಿಲ್ಲಿಸಿ ಹತ್ತು ನಿಮಿಷ ಹಾಲ್‌ನಲ್ಲಿ ಸುಮ್ಮನೆ ಕೂರಿ. ಕೇಳಿದ್ದನ್ನೆಲ್ಲ ಬರೆದುಕೊಳ್ಳಿ. ಫ್ರಿಜ್‌ನ ಗೊರಕೆ, ಹಳೆಯ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುವುದು, ಫ್ಯಾನಿನ ಕಟಕಟ, ಯುಪಿಎಸ್, ಅಕ್ವೇರಿಯಂ ಪಂಪು, ಕೆಳಗಿನ ಸಂಪಿನಿಂದ ನೀರೆತ್ತುವ ಮೋಟಾರು, ಪಕ್ಕದ ಮನೆಯ ಧಾರಾವಾಹಿಯ ಟೈಟಲ್ ಹಾಡು. ಇವುಗಳಲ್ಲಿ ಯಾವುದನ್ನು ನೀವೇ ಆರಿಸಬಹುದು, ಯಾವುದಕ್ಕೆ ಇನ್ನೊಬ್ಬರನ್ನು ಕೇಳಬೇಕು ಎಂದು ಗುರುತು ಹಾಕಿ. ಮೋಟಾರನ್ನು ಆರು ಗಂಟೆಗೆ ಮುಂಚೆಯೇ ಹಾಕಿಬಿಡಿ ಎಂದು ವಾಚ್‌ಮನ್‌ಗೆ ಹೇಳುವುದು ಒಂದು ಮಾತಿನ ಕೆಲಸ. ಹೇಳದಿದ್ದರೆ ಅತಿ ಮೆಲುವಾದ ಹಾಡಿನ ನಡುವೆಯೇ ಅದು ಶುರುವಾಗುತ್ತದೆ.

ಎಷ್ಟು ಜನ ಹಿಡಿಸುತ್ತಾರೆ ಅನ್ನುವುದಕ್ಕೂ ಲೆಕ್ಕವಿದೆ. 15 ಅಡಿಗೆ 20 ಅಡಿ ಹಾಲ್ ಎಂದರೆ 300 ಚದರ ಅಡಿ. ಕಲಾವಿದರಿಗೆ, ವಾದ್ಯಕ್ಕೆ 50 ಹೋಯಿತು. ಬಾಗಿಲಿನಿಂದ ಬಾತ್‌ರೂಮಿಗೆ ಓಡಾಡುವ ದಾರಿಗೆ ಇನ್ನೊಂದು 40. ಉಳಿದ 210ರಲ್ಲಿ ನೆಲದ ಮೇಲೆ ಕೂರುವವರಿಗೆ ತಲಾ 8 ಚದರ ಅಡಿ ಕೊಟ್ಟರೆ 26 ಜನ. ಕುರ್ಚಿಯಾದರೆ ಇನ್ನೂ ಕಡಿಮೆ. ಈ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಅತಿಥಿಗಳ ಪಟ್ಟಿ ಮಾಡುವಾಗ ಇದೇ ಕೊನೆಯ ಮಾತು.

ಹಂತ 3: ನೆರೆಹೊರೆ ಮತ್ತು ನಿಯಮ

ಕಾನೂನು ಮೊದಲು ತಿಳಿದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಖಾಸಗಿ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಎಲ್ಲೆಯ ಹತ್ತಿರ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ. ಇಬ್ಬರು ಎದುರುಬದುರು ಕೂತು ಆಡುವ ಮಾತೇ ಸುಮಾರು 60 ಡೆಸಿಬೆಲ್ ಇರುತ್ತದೆ. ಅಂದರೆ ನಿಮ್ಮ ಮನೆಯ ಗೋಡೆಯಾಚೆ ಮಾತಿನಷ್ಟು ಸದ್ದಿಗಿಂತ ಹೆಚ್ಚು ಹೋಗಬಾರದು. ಬಾಗಿಲು ಕಿಟಕಿ ಮುಚ್ಚಿ, ಗಿಟಾರು ಮತ್ತು ಒಂದು ಕಂಠ ಇಟ್ಟುಕೊಂಡರೆ ಇದು ಸಾಧ್ಯ. ಡ್ರಮ್ಸ್ ತಂದರೆ ಸಾಧ್ಯವಿಲ್ಲ. ಕಾನೂನು ಹತ್ತು ಗಂಟೆ ಎನ್ನುತ್ತದೆಂದು ಹತ್ತರವರೆಗೂ ಎಳೆಯಬೇಡಿ. ಪೊಲೀಸರನ್ನು ಕರೆಯಲು 112ಕ್ಕೆ ಫೋನ್ ಮಾಡುವಷ್ಟು ಸಿಟ್ಟು ಎಂಟೂವರೆಗೂ ಬರಬಹುದು.

ಎರಡು ವಾರ ಮುಂಚೆ, ಮೇಲಿನ ಮನೆ, ಕೆಳಗಿನ ಮನೆ, ಅಕ್ಕಪಕ್ಕ, ಈ ನಾಲ್ಕು ಬಾಗಿಲಿಗೆ ನೀವೇ ಹೋಗಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಮೆಸೇಜು ಲೆಕ್ಕಕ್ಕಿಲ್ಲ. ಅದನ್ನು ಯಾರೂ ಪೂರ್ತಿ ಓದುವುದಿಲ್ಲ, ಓದಿದವರು ಆಕ್ಷೇಪಣೆಗೆಂದೇ ಓದುತ್ತಾರೆ. ಮಾತು ಹೀಗಿರಲಿ:

"ಆಂಟಿ, ಮುಂದಿನ ತಿಂಗಳು ಎರಡನೇ ಭಾನುವಾರ ನಮ್ಮ ಮನೇಲಿ ಒಬ್ರು ಹಾಡ್ತಾರೆ. ಆರೂವರೆಗೆ ಶುರು, ಎಂಟಕ್ಕೆ ಮುಗಿಯುತ್ತೆ. ದೊಡ್ಡ ಸ್ಪೀಕರ್ ಏನೂ ಇಲ್ಲ. ನಿಮಗೆ ಆ ಹೊತ್ತಲ್ಲಿ ಏನಾದ್ರೂ ತೊಂದರೆ ಆಗುತ್ತಾ?"

"ಎಂಟಕ್ಕೆ ಖಂಡಿತ ಮುಗಿಯುತ್ತಾ? ನಮ್ಮನೆಯವರು ಎಂಟೂವರೆಗೆಲ್ಲ ಮಲಗಿಬಿಡ್ತಾರೆ."

"ಖಂಡಿತ ಮುಗಿಸ್ತೀವಿ. ನನ್ನ ನಂಬರ್ ನಿಮ್ಮ ಹತ್ರ ಇದ್ಯಲ್ಲ, ಜಾಸ್ತಿ ಅನ್ನಿಸಿದ್ರೆ ಒಂದು ಮಿಸ್ಡ್ ಕಾಲ್ ಕೊಡಿ, ತಕ್ಷಣ ಕಮ್ಮಿ ಮಾಡ್ತೀನಿ. ನೀವೂ ಬನ್ನಿ ಆಂಟಿ, ಮುಂದೆ ಕುರ್ಚಿ ಇಟ್ಟಿರ್ತೀನಿ."

ಇಲ್ಲಿ ಮೂರು ಅಂಶ ಮುಖ್ಯ: ಮುಗಿಯುವ ಹೊತ್ತು, ನೇರವಾಗಿ ನಿಮ್ಮನ್ನೇ ಹಿಡಿಯುವ ದಾರಿ, ಕರೆಯೋಲೆ. ಮಿಸ್ಡ್ ಕಾಲ್ ಎಂದಿದ್ದೀರಿ ಎಂದ ಮೇಲೆ ಆ ಫೋನನ್ನು ವೈಬ್ರೇಟ್‌ನಲ್ಲಿಟ್ಟು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಯಾರಾದರೂ "ನಮ್ಮನೇಲಿ ಕಾಯಿಲೆಯವರಿದ್ದಾರೆ, ಬೇಡ" ಎಂದರೆ ಆ ತಾರೀಖು ಬಿಡಿ, ವಾದಕ್ಕಿಳಿಯಬೇಡಿ.

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ನಿನ ಕಾರ್ಯದರ್ಶಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ವಿಸಿಟರ್ ಪಾರ್ಕಿಂಗ್ ಎಷ್ಟು ಗಾಡಿಗಿದೆ ಕೇಳಿ. ಬಾಡಿಗೆ ಮನೆಯಾದರೆ ಓನರ್‌ಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಅವರಿಗೆ ತಲುಪಬಾರದು. ಆನ್‌ಲೈನ್‌ನಲ್ಲಿ ಟಿಕೆಟ್ ಮಾರುವ ಗೋಜಿಗೆ ಹೋಗಬೇಡಿ. ಗೊತ್ತಿರುವವರನ್ನು ಕರೆದು ಹಾಡು ಕೇಳಿಸುವುದು ಒಂದು ವಿಷಯ, ಬಾಗಿಲಲ್ಲಿ ಟಿಕೆಟ್ ಮಾರುವುದು ವ್ಯಾಪಾರ. ಅಸೋಸಿಯೇಷನ್ನು ಎರಡನೆಯದಕ್ಕೆ ಒಪ್ಪುವುದಿಲ್ಲ.

ಹಂತ 4: ಕಲಾವಿದರನ್ನು ಆರಿಸುವುದು, ಮಾತು ಪಕ್ಕಾ ಮಾಡುವುದು

ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್ ಥರದ ಪೂರ್ತಿ ಬ್ಯಾಂಡಿನ ಸದ್ದು ವೇದಿಕೆಗೆಂದೇ ಇರುವುದು. ಡ್ರಮ್ಸ್, ಬೇಸ್ ಗಿಟಾರ್, ಎಲೆಕ್ಟ್ರಿಕ್ ಗಿಟಾರ್ ಸೇರಿದರೆ ಹಾಲ್ ತಡೆಯುವುದಿಲ್ಲ. ಮನೆಗೆ ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಮೂವರು. ಕಂಠ ಮತ್ತು ಅಕೌಸ್ಟಿಕ್ ಗಿಟಾರ್, ಉಕುಲೆಲೆ, ಕೊಳಲು, ಪಿಟೀಲು, ಏಕತಾರಿ ಇವೆಲ್ಲ ಹೊಂದುತ್ತವೆ. ತಾಳಕ್ಕೆ ಖಂಜಿರ, ಘಟ, ಮೆತ್ತಗೆ ನುಡಿಸುವವರಾದರೆ ಕಾಹೋನ್ (ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ). ತಮಟೆ, ಡೊಳ್ಳು ಬಯಲಿನ ವಾದ್ಯಗಳು.

ರೀಲ್ಸ್ ನೋಡಿ ಯಾರನ್ನೂ ಕರೆಯಬೇಡಿ. ಅಲ್ಲಿನ ಮೂವತ್ತು ಸೆಕೆಂಡ್ ಹತ್ತು ಟೇಕಿನಲ್ಲಿ ಆರಿಸಿದ್ದಿರಬಹುದು. ಕೆಫೆಯ ಓಪನ್ ಮೈಕ್ (ಯಾರು ಬೇಕಾದರೂ ಬಂದು ಹಾಡಬಹುದಾದ ಸಂಜೆ), ಕಾಲೇಜಿನ ಕಾರ್ಯಕ್ರಮ, ಬೆಂಗಳೂರಿನವರಾದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ಮ್ಯೂಸಿಯಂ ಅಥವಾ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಹೀಗೆ ಎಲ್ಲಾದರೂ ಒಮ್ಮೆ ಎದುರಿಗೆ ಕೂತು ಕೇಳಿ. ಗಮನಿಸಬೇಕಾದದ್ದು ಎರಡು. ಹಾಡುಗಳ ನಡುವೆ ಅವರು ಜನರ ಜೊತೆ ಮಾತಾಡಬಲ್ಲರೇ? ಮನೆಯಲ್ಲಿ ಕೇಳುಗರು ನಾಲ್ಕೇ ಅಡಿ ದೂರ ಇರುತ್ತಾರೆ. ಅಲ್ಲಿ ಮುಖ ತಗ್ಗಿಸಿಕೊಂಡು ಒಂದರ ಹಿಂದೊಂದು ಹಾಡಿದರೆ ಸಂಜೆ ಭಾರವಾಗುತ್ತದೆ. ಎರಡನೆಯದು, ಒಂದು ಗಂಟೆಗಾಗುವಷ್ಟು ಸ್ವಂತ ಹಾಡುಗಳಿವೆಯೇ? ನಾಲ್ಕು ಸ್ವಂತದ್ದು, ಉಳಿದದ್ದೆಲ್ಲ ಸಿನಿಮಾ ಹಾಡು ಎಂದಾದರೆ ಅದು ಬೇರೆಯೇ ಕಾರ್ಯಕ್ರಮ. ಅದರಲ್ಲಿ ಕೃತಿಸ್ವಾಮ್ಯದ ಪ್ರಶ್ನೆಯೂ ಏಳುತ್ತದೆ.

ಮಾತು ಪಕ್ಕಾ ಮಾಡುವಾಗ ಮೊದಲು ಹಣದ ವಿಷಯ ತೆಗೆಯಬೇಕಾದವರು ನೀವು. ಇಂಡೀ ಕಲಾವಿದರಿಗೆ ಹಿಂದೆ ನಿಂತ ಕಂಪನಿಯಿಲ್ಲ. ರೆಕಾರ್ಡಿಂಗ್ ಖರ್ಚು, ವಾದ್ಯದ ತಂತಿ, ಆಟೋ ಬಾಡಿಗೆ ಎಲ್ಲ ಅವರ ಕೈಯಿಂದಲೇ. "ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ" ಎಂಬ ಮಾತು ದಯವಿಟ್ಟು ಆಡಬೇಡಿ. ಒಂದು ಕನಿಷ್ಠ ಮೊತ್ತವನ್ನು ನೀವು ಖಾತ್ರಿಯಾಗಿ ಕೊಡುವುದು, ಅದರ ಮೇಲೆ ಅತಿಥಿಗಳು ಕೊಟ್ಟದ್ದೆಲ್ಲ ಅವರಿಗೇ ಸೇರುವುದು, ಈ ಪದ್ಧತಿ ಇಬ್ಬರಿಗೂ ನೆಮ್ಮದಿ. ಉದಾಹರಣೆಗೆ 25 ಜನ ತಲಾ 400 ರೂಪಾಯಿ ಹಾಕಿದರೆ 10,000. ಮಳೆ ಬಂದು 12 ಜನವೇ ಬಂದರೆ 4,800 ಆಗುತ್ತದೆ. ಆಗ ಮಾತು ಕೊಟ್ಟ ಕನಿಷ್ಠಕ್ಕೆ ಕೊರತೆ ಬಿದ್ದದ್ದನ್ನು ನಿಮ್ಮ ಜೇಬಿನಿಂದ ತುಂಬಬೇಕು. ಅಷ್ಟು ಶಕ್ತಿಯಿದ್ದರೆ ಮಾತ್ರ ಮುಂದುವರಿಯಿರಿ.

ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ಬರುವವರೆಗೆ ಕಾಯಿರಿ: ತಾರೀಖು, ಬರುವ ಹೊತ್ತು, ಹಾಡುವ ಅವಧಿ, ಕನಿಷ್ಠ ಮೊತ್ತ, ಪ್ರಯಾಣದ ಖರ್ಚು ಯಾರದು, ಎಷ್ಟು ಜನ ಕೇಳುಗರು, ಮೈಕ್ ಇದೆಯೋ ಇಲ್ಲವೋ, ವಿಡಿಯೋ ಮಾಡಬಹುದೇ, ಊಟದಲ್ಲಿ ಏನಾದರೂ ಬೇಡವೇ, ಮನೆಯಲ್ಲಿ ನಾಯಿ ಬೆಕ್ಕು ಇದೆಯೇ. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಬೆಕ್ಕಿನ ರೋಮಕ್ಕೆ ಅಲರ್ಜಿ ಇರುವ ಹಾಡುಗಾರರ ಗಂಟಲು ಅರ್ಧ ಗಂಟೆಯಲ್ಲಿ ಕಟ್ಟಿಹೋಗುತ್ತದೆ.

ಹಂತ 5: ಅತಿಥಿಗಳನ್ನು ಕರೆಯುವುದು

ಎರಡನೇ ಹಂತದಲ್ಲಿ ಬರೆದಿಟ್ಟ ಸಂಖ್ಯೆಗಿಂತ ಮೂರ್ನಾಲ್ಕು ಜನ ಹೆಚ್ಚಿಗೆ ಕರೆಯಬಹುದು, ಅಷ್ಟು ಜನ ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಬೇಡ. ಗ್ರೂಪಿನಲ್ಲಿ ಸಾರ್ವತ್ರಿಕವಾಗಿ ಹಾಕದೆ ಒಬ್ಬೊಬ್ಬರಿಗೇ ಬರೆಯಿರಿ. ಬರಹದಲ್ಲಿ ಐದು ಸಂಗತಿ ಇರಲೇಬೇಕು: ಆರು ಗಂಟೆಗೆ ಬಾಗಿಲು ತೆರೆಯುತ್ತದೆ, ಆರೂವರೆಗೆ ಹಾಡು ಶುರುವಾದ ಮೇಲೆ ಹಾಡಿನ ನಡುವೆ ಒಳಗೆ ಬಿಡುವುದಿಲ್ಲ, ಇದು ಕೇಳುವ ಸಂಜೆ, ಪಾರ್ಟಿಯಲ್ಲ, ಕಲಾವಿದರಿಗೆ ಇಷ್ಟು ಕಾಣಿಕೆ ಎಂದುಕೊಂಡಿದ್ದೇವೆ, ಪಾರ್ಕಿಂಗ್ ಇಲ್ಲ, ಮೆಟ್ರೋ ಅಥವಾ ಆಟೋದಲ್ಲಿ ಬನ್ನಿ.

"ಪಾರ್ಟಿಯಲ್ಲ" ಎಂದು ಬರೆಯಲು ಸಂಕೋಚ ಪಡುವವರೇ ಹೆಚ್ಚು. ಆದರೆ ಅಡುಗೆಮನೆಯ ಹರಟೆಯ ತೊಂದರೆಗೆ ಮದ್ದು ಇಲ್ಲೇ ಇರುವುದು. ಬಂದ ಮೇಲೆ ಯಾರನ್ನೂ ಸುಮ್ಮನಿರಿಸಲು ಆಗುವುದಿಲ್ಲ. 2009ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಫಾರ್ ಸೌಂಡ್ಸ್‌ನ ಮನೆ ಕಛೇರಿಗಳು ಊರೂರಿಗೆ ಹಬ್ಬಿದ್ದೂ ಮಾತಾಡದೆ ಕೇಳುವ, ಕೊನೆಯವರೆಗೆ ಕೂರುವ ಶಿಸ್ತಿನಿಂದಲೇ. ನಮ್ಮ ಧಾರವಾಡದ ಕಡೆಯ ಬೈಠಕ್‌ಗಳಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಂತ 6: ಮೈಕ್ ಬೇಕೇ?

ಬಹುಪಾಲು ಬೇಡ. 25 ಜನರ ಹಾಲ್‌ನಲ್ಲಿ ಒಂದು ಕಂಠ, ಒಂದು ಗಿಟಾರು ಹಾಗೆಯೇ ಕೇಳಿಸುತ್ತದೆ, ಇನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ತುಂಬ ಮೆಲ್ಲಗೆ ಹಾಡುವವರಾದರೆ, ಅಥವಾ ಕಾಹೋನ್‌ನಂಥದು ಕಂಠವನ್ನು ಮುಚ್ಚಿಹಾಕುವಂತಿದ್ದರೆ ಮಾತ್ರ ಮೈಕ್ ಯೋಚಿಸಿ. ಆಗ ಬೇಕಾದ ಸಾಮಾನು ಇಷ್ಟೇ: ಹಾಡುಗಾರಿಕೆಯ ಡೈನಾಮಿಕ್ ಮೈಕ್ ಒಂದು, ಸ್ಟ್ಯಾಂಡ್, ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್), ನಾಲ್ಕು ಚಾನೆಲ್ಲಿನ ಪುಟ್ಟ ಮಿಕ್ಸರ್, ಒಂದು ಸಣ್ಣ ಆಕ್ಟಿವ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವುದು), ಗಿಟಾರಿಗೆ ಪಿಕಪ್ (ತಂತಿಯ ಸದ್ದನ್ನು ಕೇಬಲಿಗೆ ಕೊಡುವ ಸಾಧನ) ಇದ್ದರೆ ಅದನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್, ನೆಲಕ್ಕೆ ಕೇಬಲ್ ಅಂಟಿಸಲು ಬಟ್ಟೆಯ ಟೇಪ್. ಎಷ್ಟೋ ಕಲಾವಿದರ ಹತ್ತಿರ ಮೈಕೂ ಗಿಟಾರು ಎರಡನ್ನೂ ಸೇರಿಸಬಹುದಾದ ಅಕೌಸ್ಟಿಕ್ ಆಂಪ್ (ಸ್ಪೀಕರ್ ಸೇರಿದ ಆಂಪ್ಲಿಫೈಯರ್) ಇರುತ್ತದೆ. ಅದೊಂದೇ ಸಾಕು, ಮೊದಲು ಅವರನ್ನೇ ಕೇಳಿ.

ಮಾಡಬಾರದ ತಪ್ಪುಗಳಲ್ಲಿ ಮೊದಲನೆಯದು ಮನೆಯ ಬ್ಲೂಟೂತ್ ಸ್ಪೀಕರಿಗೆ ಮೈಕ್ ಸೇರಿಸುವುದು. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಹಾಡುಗಾರರಿಗೆ ತಮ್ಮದೇ ದನಿ ಹಿಂದಿನಿಂದ ಬಂದು ತಾಳ ಎಳೆಯುತ್ತದೆ. ಎರಡನೆಯದು, ಸ್ಪೀಕರನ್ನು ಕಲಾವಿದರ ಬೆನ್ನಿಗಿಡುವುದು. ಮೈಕ್ ಕೂಗುವುದಕ್ಕೆ ಕಾರಣ ಇದು: ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೋಗಿ, ದೊಡ್ಡದಾಗಿ ಸ್ಪೀಕರಿಗೆ ಬಂದು, ಸುತ್ತುತ್ತಲೇ ಬೆಳೆಯುತ್ತದೆ. ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಮುಖ ಕೇಳುಗರ ಕಡೆಗೆ, ಕೂತವರ ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಇರಲಿ. ಮೂರನೆಯದು, ಸ್ಪೀಕರನ್ನು ನೆಲದ ಮೇಲೋ ಮೂಲೆಯಲ್ಲೋ ಇಡುವುದು. ಮೂಲೆಯಲ್ಲಿ ಕೆಳದನಿ ಉಬ್ಬುತ್ತದೆ, ನೆಲದ ಮೂಲಕ ಅದೇ ಕೆಳಗಿನ ಮನೆಗೆ ಇಳಿಯುತ್ತದೆ. ಗೋಡೆ ತೂರಿ ಹೋಗುವುದು ಕಂಠದ ಎತ್ತರದ ದನಿಗಿಂತ ಈ ಢಂಢಂ. ಸಬ್‌ವೂಫರ್ ಮನೆಯಲ್ಲಿದ್ದರೆ ಅದರ ಪ್ಲಗ್ಗನ್ನೇ ಕಿತ್ತಿಡಿ.

ಹಂತ 7: ಕರೆಂಟಿನ ವಿಷಯದಲ್ಲಿ ರಾಜಿಯಿಲ್ಲ

ಆಂಪ್, ಮಿಕ್ಸರ್, ಸ್ಪೀಕರ್ ಎಲ್ಲವೂ ಒಂದೇ ಸಾಕೆಟ್ಟಿನಿಂದ, ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಒಂದೇ ಸ್ಪೈಕ್ ಬಸ್ಟರಿನಿಂದ ಕರೆಂಟ್ ತೆಗೆದುಕೊಳ್ಳಲಿ. ಬೇರೆ ಬೇರೆ ಕಡೆಯಿಂದ ತೆಗೆದರೆ "ಗುಂಯ್" ಎಂಬ ನಿರಂತರ ಸದ್ದು ಬರುವ ಸಂಭವ ಹೆಚ್ಚು. ಲೈಟಿನ ಡಿಮ್ಮರ್, ಫೋನ್ ಚಾರ್ಜರ್‌ಗಳನ್ನು ಅದಕ್ಕೆ ಸೇರಿಸಬೇಡಿ.

ಆ ಗುಂಯ್ ಸದ್ದು ಹೋಗಲೆಂದು ಮೂರನೇ ಪಿನ್ ಮುರಿಯುವವರಿದ್ದಾರೆ, ಟೂ ಪಿನ್ ಅಡಾಪ್ಟರ್ ಹಾಕುವವರಿದ್ದಾರೆ. ಯಾವ ಕಾರಣಕ್ಕೂ ಮಾಡಬೇಡಿ. ಗಿಟಾರಿನ ತಂತಿಯನ್ನು ಬರಿಗೈಯಲ್ಲಿ ಹಿಡಿದು ತುಟಿಯನ್ನು ಲೋಹದ ಮೈಕಿಗೆ ತಾಗಿಸುವ ಹಾಡುಗಾರರಿಗೆ ಅರ್ಥಿಂಗ್ ಇಲ್ಲದ ಕರೆಂಟು ಪ್ರಾಣಾಪಾಯ. ಸೌಂಡ್ ಚೆಕ್‌ನಲ್ಲಿ "ಮೈಕ್ ಸ್ವಲ್ಪ ಜುಂ ಅನ್ತಿದೆ" ಎಂದು ಅವರು ಹೇಳಿದರೆ ಅಲ್ಲಿಗೇ ಮೇನ್ಸ್ ಆಫ್ ಮಾಡಿ, ಪ್ಲಗ್ ತೆಗೆಯಿರಿ, ಆ ಸಂಜೆ ಮೈಕಿಲ್ಲದೆ ನಡೆಸಿ. ಮಾರನೇ ದಿನ ಎಲೆಕ್ಟ್ರಿಷಿಯನ್ನಿಂದ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಕರೆಂಟ್ ಹೋದರೆ ಏನು ಅನ್ನುವುದೂ ಮೊದಲೇ ತೀರ್ಮಾನವಾಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಗೊರಗೊರ ಎನ್ನುತ್ತದೆ. ಸೈನ್ ವೇವ್ ಆದರೆ ತೊಂದರೆಯಿಲ್ಲ. ಯಾವುದೂ ಇಲ್ಲದಿದ್ದರೆ ಎರಡು ಎಮರ್ಜೆನ್ಸಿ ಲೈಟ್ ಚಾರ್ಜ್ ಮಾಡಿಡಿ, ಹಾಡು ಮೈಕಿಲ್ಲದೆ ಮುಂದುವರಿಯಲಿ.

ಹಂತ 8: ಆ ದಿನ ಮಧ್ಯಾಹ್ನ

ಮೂರು ಗಂಟೆಗೆ ಪೀಠೋಪಕರಣ ಸರಿಸಿ. ಕಲಾವಿದರನ್ನು ಹಾಲಿನ ಉದ್ದನೆಯ ಗೋಡೆಗೆ ಬೆನ್ನು ಮಾಡಿ ಕೂರಿಸಿದರೆ ಎಲ್ಲರೂ ಹತ್ತಿರವಾಗುತ್ತಾರೆ. ಮುಂಬಾಗಿಲಿನ ಪಕ್ಕ ಮಾತ್ರ ಬೇಡ, ತಡವಾಗಿ ಬರುವವರು ಅವರ ಮುಂದೆಯೇ ಹಾದುಹೋಗಬೇಕಾಗುತ್ತದೆ. ಮುಂದಿನ ಎರಡು ಸಾಲು ಜಮಖಾನದ ಮೇಲೆ, ಅದರ ಹಿಂದೆ ಸೋಫಾ, ಕಟ್ಟಕಡೆಗೆ ಡೈನಿಂಗ್ ಟೇಬಲಿನ ಕುರ್ಚಿಗಳು. ಮಂಡಿ ನೋವಿರುವ ಹಿರಿಯರಿಗೆ ಪಕ್ಕದ ಗೋಡೆಗೆ ಒತ್ತಿ ಮುಂದೆಯೇ ನಾಲ್ಕು ಕುರ್ಚಿ ಮೀಸಲಿಡಿ. ಅಡುಗೆಮನೆಯ ಬಾಗಿಲು ಮುಚ್ಚಿ, ಅದರ ಮುಂದೆಯೂ ಯಾರಾದರೂ ಕೂರುವಂತೆ ಮಾಡಿದರೆ ಅಲ್ಲಿ ಗುಂಪು ಸೇರುವುದಿಲ್ಲ.

ಕಲಾವಿದರು ನಾಲ್ಕಕ್ಕೆ ಬರಲಿ. ಬಂದ ತಕ್ಷಣ ಹಾಡಿಸಬೇಡಿ. ಕೂರಲು ಒಂದು ಕೋಣೆ, ಕಾಫಿ, ಬಿಸಿನೀರು ಕೊಡಿ. ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದು ಹಾಲ್‌ನಲ್ಲೇ ಅರ್ಧ ಗಂಟೆ ಇಡಲಿ. ಬಿಸಿಲಿಗೆ ನಿಂತ ಕಾರಿನಿಂದ ಒಳಗೆ ಬಂದ ಗಿಟಾರು ಕೋಣೆಯ ಹವೆಗೆ ಒಗ್ಗುವವರೆಗೆ ಶ್ರುತಿ ನಿಲ್ಲುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಸೆಕೆಗೆ ಎ.ಸಿ. ಹಾಕುವವರು ಇದನ್ನು ಇನ್ನೂ ಗಮನಿಸಬೇಕು. ಹಾಡಿನ ಹೊತ್ತಿಗೆ ಸದ್ದಾಗುತ್ತದೆಂದು ಎ.ಸಿ. ಆರಿಸುತ್ತೀರಿ, ಕೋಣೆ ಬಿಸಿಯಾಗುತ್ತದೆ, ತಂತಿ ಇಳಿಯುತ್ತದೆ. ಮೊದಲಿನಿಂದಲೇ ಸಣ್ಣಗೆ ಒಂದೇ ಹದದಲ್ಲಿಟ್ಟು ಹಾಗೇ ಬಿಡುವುದು ಲೇಸು.

ಸೌಂಡ್ ಚೆಕ್ ನಾಲ್ಕೂವರೆಗೆ. ಮೈಕ್ ಇದ್ದರೆ ಮೊದಲು ಕಂಠ ಒಂದನ್ನೇ ಏರಿಸಿ, ಹಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಕೇಳಿ. ಪದದ ಕೊನೆಯಲ್ಲಿ "ಈಂ" ಎಂದು ಸಣ್ಣ ಗುಂಗು ಉಳಿಯುತ್ತಿದ್ದರೆ ಕೂಗುವುದಕ್ಕೆ ಇನ್ನು ಸ್ವಲ್ಪವೇ ಬಾಕಿ. ವಾಲ್ಯೂಮ್ ಇಳಿಸಿ, ಮೈಕ್ ಬಾಯಿಗೆ ಹತ್ತಿರ ತನ್ನಿ. ಆಮೇಲೆ ಗಿಟಾರನ್ನು ಕಂಠದ ಕೆಳಗೆ ಕೂರಿಸಿ. ಇದಾದ ಮೇಲೆ ಬಾಗಿಲು ಮುಚ್ಚಿ ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತು ಕೇಳಿ, ಕೆಳಗಿನ ಮನೆಯ ಬಾಗಿಲವರೆಗೂ ಇಳಿದು ಕೇಳಿ. ಹಾಡು ನಡೆಯುತ್ತಿದೆ ಎಂದು ಮಾತ್ರ ತಿಳಿಯಬೇಕು, ಸಾಹಿತ್ಯ ಅರ್ಥವಾಗಬಾರದು.

ಐದೂವರೆಗೆ ಸಣ್ಣಪುಟ್ಟ ಕೆಲಸ ಮುಗಿಸಿ. ಫ್ರಿಜ್‌ನ ಪ್ಲಗ್ ತೆಗೆಯಿರಿ. ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆಯಲ್ಲಿ ಹಾಲು ಕೆಡುವುದಿಲ್ಲ. ಮತ್ತೆ ಹಾಕಲು ಮರೆಯದಿರಲೆಂದು ನಿಮ್ಮ ಮನೆಯ ಬೀಗದ ಕೈಯನ್ನೋ ಬೈಕ್ ಕೀಯನ್ನೋ ಫ್ರಿಜ್ ಒಳಗಿಡಿ. ಕಾಲಿಂಗ್ ಬೆಲ್ಲಿನ ಸ್ವಿಚ್ ಆರಿಸಿ, ಬಾಗಿಲ ಹತ್ತಿರ ಒಬ್ಬರನ್ನು ಕೂರಿಸಿ. ಟ್ಯೂಬ್‌ಲೈಟ್ ಬದಲು ಎರಡು ಹಳದಿ ಲ್ಯಾಂಪ್ ಹಚ್ಚಿ. ಮುಸ್ಸಂಜೆಗೆ ಮುಂಚೆಯೇ ಕಿಟಕಿಯ ಜಾಲರಿ ಮುಚ್ಚಿ. ಸೊಳ್ಳೆಬತ್ತಿ, ಊದುಬತ್ತಿ, ಧೂಪ ಏನೂ ಬೇಡ, ಆ ಹೊಗೆಗೆ ಹಾಡುಗಾರರ ಗಂಟಲು ಒಣಗುತ್ತದೆ, ಮುಚ್ಚಿದ ಕೋಣೆಯಲ್ಲಿ ಕೇಳುಗರೂ ಕೆಮ್ಮುತ್ತಾರೆ. ಚಪ್ಪಲಿಗೆ ಒಳಗೇ ಒಂದು ಮೂಲೆಯಲ್ಲಿ ಚಾಪೆ ಹಾಸಿ. ಐವತ್ತು ಚಪ್ಪಲಿ ಕಾರಿಡಾರಿನಲ್ಲಿ ಹರಡಿದರೆ ಎದುರು ಮನೆಯವರ ತಾಳ್ಮೆ ಅಲ್ಲಿಗೇ ಮುಗಿಯುತ್ತದೆ.

ಫ್ಯಾನ್ ಬಗ್ಗೆ ಒಂದು ಮಾತು. ಕಲಾವಿದರ ತಲೆಯ ಮೇಲಿನ ಫ್ಯಾನನ್ನು ಪೂರ್ತಿ ನಿಲ್ಲಿಸಿ. ತಿರುಗುವ ರೆಕ್ಕೆಗೆ ಬಡಿದು ವಾಪಸ್ ಬರುವ ಸದ್ದು ಸಣ್ಣಗೆ ನಡುಗುತ್ತದೆ, ನೀಳ ಸ್ವರ ಹಿಡಿದಾಗ ಅದು ಕಿವಿಗೆ ಹೊಡೆಯುತ್ತದೆ. ಕೇಳುಗರ ಮೇಲಿನದು ಕಡಿಮೆ ವೇಗದಲ್ಲಿ ಓಡಲಿ.

ಹಂತ 9: ಹಾಡಿನ ಹೊತ್ತು

ಆರೂವರೆ ಎಂದರೆ ಆರೂವರೆ, ಹೆಚ್ಚೆಂದರೆ ಐದು ನಿಮಿಷ ಅತ್ತಿತ್ತ. ನೀವು ಎದ್ದು ನಿಂತು ಒಂದು ನಿಮಿಷ ಮಾತಾಡಿ: ಫೋನ್ ಸೈಲೆಂಟ್, ವಿಡಿಯೋ ಒಂದು ಹಾಡಿಗೆ ಮಾತ್ರ ಅಥವಾ ಬೇಡ, ಬಾತ್‌ರೂಮ್ ಎಲ್ಲಿದೆ, ನಡುವೆ ಬಿಡುವು ಎಷ್ಟು ಹೊತ್ತಿಗೆ, ಕಾಣಿಕೆ ಹೇಗೆ ಕೊಡುವುದು. ಕಲಾವಿದರ ಹೆಸರು ಸರಿಯಾಗಿ ಉಚ್ಚರಿಸಿ, ಕೂತುಬಿಡಿ. ಹೊಗಳಿಕೆಯ ಭಾಷಣ ಬೇಡ.

ಮೊದಲ ಭಾಗ 40 ನಿಮಿಷ, 15 ನಿಮಿಷ ಬಿಡುವು, ಎರಡನೇ ಭಾಗ 35ರಿಂದ 40 ನಿಮಿಷ. ಬಿಡುವಿನಲ್ಲಿ ಕಿಟಕಿಗಳನ್ನೆಲ್ಲ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಇಷ್ಟು ಜನ ಕೂತರೆ ಗಾಳಿ ಮಂದವಾಗಿ ಆಕಳಿಕೆ ಶುರುವಾಗುತ್ತದೆ, ಅದು ಹಾಡಿನ ತಪ್ಪಲ್ಲ. ತಿನ್ನಲು ಏನಾದರೂ ಕೊಡುವುದಾದರೆ ಸದ್ದಿಲ್ಲದ್ದು ಕೊಡಿ. ಚಕ್ಕುಲಿ, ಕೋಡುಬಳೆ, ಚಿಪ್ಸ್ ಪ್ಯಾಕೆಟ್ ಎರಡನೇ ಭಾಗದವರೆಗೂ ಕೈಯಲ್ಲಿ ಉಳಿಯುತ್ತವೆ. ಬಾಳೆಹಣ್ಣು, ರವೆ ಉಂಡೆ, ಮೆತ್ತನೆಯ ಖಾರಾ ಬನ್ ಸಾಕು. ಸ್ಟೀಲ್ ಲೋಟ ಟೈಲ್ಸ್ ಮೇಲೆ ಉರುಳಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಕಾಗದದ ಲೋಟ ತನ್ನಿ.

ನೀವು ಎಲ್ಲಿ ಕೂರುತ್ತೀರಿ ಅನ್ನುವುದೂ ಮುಖ್ಯ. ಹಿಂದೆ, ಬಾಗಿಲ ಹತ್ತಿರ, ಕಲಾವಿದರ ಕಣ್ಣಿಗೆ ಬೀಳುವ ಹಾಗೆ ಕೂರಿ. ಅವರು ಪದೇಪದೇ ಸ್ಪೀಕರ್ ಕಡೆ ತಿರುಗುತ್ತಿದ್ದರೆ ತಮ್ಮ ದನಿ ಕೇಳುತ್ತಿಲ್ಲ ಎಂದರ್ಥ. ಸಾಲಿನ ನಡುವೆ ನೀರು ಕುಡಿಯುತ್ತಿದ್ದರೆ ಗಂಟಲು ಒಣಗಿದೆ, ಬಿಸಿನೀರು ಮುಟ್ಟಿಸಿ. ಕೇಳುಗರು ಪದೇಪದೇ ಕಾಲು ಮಡಚಿ ಬಿಚ್ಚಿ ಮಾಡುತ್ತಿದ್ದರೆ ಬಿಡುವು ಒಂದು ಹಾಡು ಮುಂಚೆಯೇ ಬರಲಿ. ಜೇಬಿನಲ್ಲಿ ಫೋನ್ ನಡುಗಿ ಕೆಳಗಿನ ಮನೆಯ ಆಂಟಿಯ ಹೆಸರು ಕಂಡರೆ, ಆ ಹಾಡು ಮುಗಿಯುತ್ತಲೇ ವಾಲ್ಯೂಮ್ ಇಳಿಸಿ, ಇಳಿಸಿದ್ದೇವೆ ಎಂದು ಮೆಸೇಜ್ ಮಾಡಿ. "ಇನ್ನೊಂದು, ಇನ್ನೊಂದು" ಎಂದು ಜನ ಕೇಳಿದರೆ ಒಂದೇ ಒಂದು, ಅದೂ ಮೈಕಿಲ್ಲದೆ.

ಹಂತ 10: ಹಣ, ಊಟ, ಹೊರಡುವ ಹೊತ್ತು

ಕೊನೆಯ ಹಾಡಿನ ಚಪ್ಪಾಳೆ ನಿಲ್ಲುವ ಮುಂಚೆಯೇ ಕಾಣಿಕೆಯ ಮಾತು ಮತ್ತೊಮ್ಮೆ ಹೇಳಿ. ಕಲಾವಿದರ ಯುಪಿಐ ಕ್ಯೂಆರ್ ಕೋಡನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಬಾಗಿಲ ಪಕ್ಕ ಅಂಟಿಸಿರಿ, ನಗದಿಗೆ ಒಂದು ಡಬ್ಬಿ ಇಡಿ. ಹಣ ನೇರ ಅವರಿಗೇ ಹೋಗುವುದು ಒಳ್ಳೆಯದು, ಲೆಕ್ಕದ ಅನುಮಾನವೇ ಏಳುವುದಿಲ್ಲ. ಊಟದ ನಂತರ ಕೇಳಿದರೆ ಅರ್ಧ ಜನ ಆಗಲೇ ಹೊರಟಿರುತ್ತಾರೆ.

ಊಟ ಸರಳವಾಗಿರಲಿ. ಬಿಸಿಬೇಳೆಬಾತ್, ಮೊಸರನ್ನ, ಉಪ್ಪಿನಕಾಯಿ ಮಧ್ಯಾಹ್ನವೇ ಮಾಡಿಟ್ಟು ಬಿಸಿಪಾತ್ರೆಯಲ್ಲಿಟ್ಟರೆ ಹಾಡಿನ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೂ ಇರಬೇಕಿಲ್ಲ. ಮನೆಯಲ್ಲಿ ಅಡುಗೆ ಮಾಡಿದವರೂ ಕೂತು ಕೇಳಬೇಕು, ಅವರನ್ನು ಒಳಗೇ ಬಿಟ್ಟು ನಡೆಸುವ ಕಛೇರಿಯನ್ನು ನಾನು ಒಪ್ಪುವುದಿಲ್ಲ. ಹಾಡಿದವರು ಹಾಡುವ ಮುಂಚೆ ಹೊಟ್ಟೆ ತುಂಬ ತಿಂದಿರುವುದಿಲ್ಲ, ಅವರ ತಟ್ಟೆ ಮೊದಲು ಹಾಕಿ. ಆಮೇಲೆ ಜನ ಸುತ್ತುವರಿದು ಮಾತಾಡಿಸಲಿ.

ದೂರುಗಳು ಹೆಚ್ಚಾಗಿ ಬರುವುದು ಹಾಡಿನ ಹೊತ್ತಿನಲ್ಲಲ್ಲ, ಹೊರಡುವ ಹೊತ್ತಿನಲ್ಲಿ. ಖುಷಿಯಲ್ಲಿರುವ ಇಪ್ಪತ್ತು ಜನ ಲಿಫ್ಟ್ ಮುಂದೆ ನಿಂತು ಅರ್ಧ ಗಂಟೆ ಮಾತಾಡುತ್ತಾರೆ, ಕೆಳಗೆ ಬೈಕುಗಳು ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. "ಮಾತೆಲ್ಲ ಒಳಗೇ ಮುಗಿಸಿ ಹೊರಡಿ" ಎಂದು ನಗುತ್ತಲೇ ಹೇಳಿ, ಮೂರು ಮೂರು ಜನರಾಗಿ ಕಳಿಸಿ. ಒಂಬತ್ತೂಕಾಲಿಗೆ ಹಾಲ್ ಖಾಲಿಯಾಗಲಿ.

ಅದೇ ರಾತ್ರಿ ಕನಿಷ್ಠ ಮೊತ್ತದ ಬಾಕಿ ಇದ್ದರೆ ಕಲಾವಿದರು ಆಟೋ ಹತ್ತುವ ಮುಂಚೆಯೇ ಕಳಿಸಿ, ಬಂತೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಫ್ರಿಜ್ ಪ್ಲಗ್ ಹಾಕಿ, ಕೀ ತೆಗೆದುಕೊಳ್ಳಿ. ಮಾರನೇ ದಿನ ಸಂಜೆ ನಾಲ್ಕೂ ಮನೆಗೆ ಹೋಗಿ ತೊಂದರೆಯಾಯಿತೇ ಎಂದು ವಿಚಾರಿಸಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಎರವಲು ತಂದ ಜಮಖಾನ, ಕುರ್ಚಿಗಳನ್ನೂ ಆಗಲೇ ಹಿಂದಿರುಗಿಸಿ.